ಅಂಗಳದಿಂದ ಆಕಾಶ: ಮೋಡ ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಒಳನಾಡಿನಲ್ಲಿ ಅಡಿಕೆ ತೋಟದ ನಡುವಿನ ಮನೆ ನಮ್ಮದು. ಮೋಡಗಳ ಬಗ್ಗೆ ನನಗಿರುವ ಆಸೆ ಪರಿಚಿತರಿಗೆಲ್ಲ ಗೊತ್ತು. ಹಾಗಾಗಿ ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಶಾಲೆಯ ಮಕ್ಕಳು ಬರೆಯುವ ಪತ್ರಗಳಲ್ಲಿ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಮತ್ತೆ ಮತ್ತೆ ಬಂದವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲಿನಿಂದ ಓದಬೇಕೆಂದಿಲ್ಲ, ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಈಗಷ್ಟೇ ತಲೆ ಎತ್ತಿದವರಿಗೆ

ಮಳೆ ಬರುತ್ತದೋ ಇಲ್ಲವೋ ಎಂದು ನೋಡಿದರೆ ಸಾಲದೇ? ಅದಕ್ಕಿಂತ ಹೆಚ್ಚು ನೋಡಲು ಮೋಡದಲ್ಲಿ ಏನಿದೆ?

ಒಂದು ಸಣ್ಣ ಮೋಡವನ್ನು ಆರಿಸಿಕೊಂಡು ಕಾಲು ಗಂಟೆ ನೋಡಿ, ಆಮೇಲೆ ಈ ಪ್ರಶ್ನೆಯನ್ನು ಮತ್ತೆ ಕೇಳಿ. ಡಿಸೆಂಬರಿನ ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ನಮ್ಮ ತೋಟದ ಮೇಲೆ ಹತ್ತಿಯ ಉಂಡೆಯಂಥ ಮೋಡಗಳು ಹುಟ್ಟುತ್ತವೆ. ಅವುಗಳಲ್ಲಿ ಒಂದನ್ನು ತೆಂಗಿನ ಗರಿಯ ತುದಿಗೆ ಹೊಂದಿಸಿ ನಿಂತರೆ ಮೊದಲು ಅದರ ನಡೆ ಕಾಣುತ್ತದೆ. ಆಮೇಲೆ ಬದಲಾವಣೆ ಕಾಣುತ್ತದೆ: ಬಿಸಿಲಿನ ಕಡೆಯ ಅಂಚು ಉಬ್ಬುತ್ತದೆ, ಇನ್ನೊಂದು ಕಡೆ ನೂಲು ನೂಲಾಗಿ ಬಿಚ್ಚಿಕೊಳ್ಳುತ್ತದೆ, ನಡುವೆ ಒಂದು ತೂತು ಬೀಳುತ್ತದೆ, ತೂತಿನಲ್ಲಿ ನೀಲಿ ಇಣುಕುತ್ತದೆ. ಗರಿಯ ಆಚೆಗೆ ಹೋಗುವಷ್ಟರಲ್ಲಿ ಮೋಡವೇ ಇರುವುದಿಲ್ಲ. ಇಂಥ ಮೋಡದ ಆಯುಸ್ಸು ಹೆಚ್ಚೆಂದರೆ ಕೆಲವು ಹತ್ತು ನಿಮಿಷ. ಒಂದು ಇಡೀ ಬದುಕನ್ನು, ಹುಟ್ಟಿನಿಂದ ಕೊನೆಯವರೆಗೆ, ಜಗಲಿಯಲ್ಲಿ ಕುಳಿತು ನೋಡಿದಂತಾಯಿತು. ಆ ಸಂತೋಷ ನನಗೆ ಇಂದಿಗೂ ಹಳತಾಗಿಲ್ಲ.

ಶುರು ಮಾಡಲು ಏನೇನು ಬೇಕು? ದುರ್ಬೀನು, ಕ್ಯಾಮೆರಾ, ಮೊಬೈಲ್ ಆ್ಯಪ್?

ಯಾವುದೂ ಬೇಡ. ಕಪ್ಪು ಕನ್ನಡಕ ಒಂದಿದ್ದರೆ ಒಳ್ಳೆಯದು; ಬಿಳಿ ಮೋಡದ ಒಳಗಿನ ಮಡಿಕೆಗಳು ಅದರಿಂದ ಚೆನ್ನಾಗಿ ತೋರುತ್ತವೆ. ಸೂರ್ಯನ ಹತ್ತಿರದ ಮೋಡವನ್ನು ನೋಡುವಾಗ ಸೂರ್ಯನನ್ನು ಕಂಬಕ್ಕೋ ಮಾಡಿನ ಅಂಚಿಗೋ ಮರೆ ಮಾಡಿಕೊಳ್ಳಿ. ಕನ್ನಡಕ ಇದ್ದರೂ ನೇರವಾಗಿ ಸೂರ್ಯನನ್ನು ನೋಡಬೇಡಿ. ನಾನು ಚಿಕ್ಕವನಿದ್ದಾಗ ಕಂಡುಕೊಂಡ ಇನ್ನೊಂದು ಉಪಾಯ ಬಾವಿ. ಮಧ್ಯಾಹ್ನದ ಆಕಾಶ ಕಣ್ಣು ಕುಕ್ಕುತ್ತಿದ್ದರೆ ಬಾವಿಯ ಕಟ್ಟೆಗೆ ಒರಗಿ ಕೆಳಗೆ ನೋಡಿ. ಕಪ್ಪು ನೀರಿನಲ್ಲಿ ಮೋಡ ತಣ್ಣಗೆ, ಅಂಚು ಅಂಚಾಗಿ ಕಾಣುತ್ತದೆ. ಮಳೆಗಾಲದ ನಂತರ ನೀರು ನಿಂತ ಕೆಂಪುಕಲ್ಲಿನ ಕೋರೆಗಳೂ ಇದಕ್ಕೆ ಒಳ್ಳೆಯವು, ಆದರೆ ಅಂಚಿಗೆ ಹೋಗಬೇಡಿ.

ಮೋಡ ಎಂದರೆ ಆವಿಯೋ ನೀರೋ? ನೀರಾದರೆ ಬೀಳದೆ ಹೇಗೆ ನಿಲ್ಲುತ್ತದೆ?

ನೀರಿನ ಆವಿ ಕಣ್ಣಿಗೆ ಕಾಣುವುದಿಲ್ಲ. ಕುದಿಯುವ ಕೆಟಲಿನ ಮೂತಿಯ ಹತ್ತಿರ ಏನೂ ಕಾಣದ ಒಂದು ಬೆರಳಿನಷ್ಟು ಜಾಗವಿರುತ್ತದೆ. ಅಲ್ಲಿರುವುದು ಆವಿ, ಅದರಾಚೆ ಬಿಳಿಯಾಗಿ ತೋರುವುದು ಆಗಲೇ ಹನಿಯಾದ ನೀರು. ಮೋಡವೂ ಹಾಗೆಯೇ, ಸಣ್ಣ ಹನಿಗಳ ಅಥವಾ ಮಂಜುಗಡ್ಡೆಯ ಹರಳುಗಳ ಗುಂಪು. ಗಾಳಿ ಮೇಲೇರಿದಂತೆ ತಣಿಯುತ್ತದೆ, ತಣಿದ ಗಾಳಿ ತನ್ನಲ್ಲಿರುವ ಆವಿಯನ್ನು ಹಿಡಿದಿಡಲಾರದೆ ಧೂಳು, ಹೊಗೆ, ಕಡಲ ಉಪ್ಪಿನ ಕಣಗಳ ಮೇಲೆ ಹನಿಗಟ್ಟಿಸುತ್ತದೆ.

ಮೋಡದ ಒಂದು ಹನಿಯ ಅಡ್ಡಳತೆ ಸುಮಾರು 0.02 ಮಿಲಿಮೀಟರ್. 2 ಮಿಲಿಮೀಟರಿನ ಒಂದು ಮಳೆಹನಿಯಾಗಲು ಇಂಥ ಹತ್ತು ಲಕ್ಷ ಹನಿಗಳು ಸೇರಬೇಕು. ಇಷ್ಟು ಸಣ್ಣ ಹನಿ ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತದೆ. ಒಂದು ಕಿಲೋಮೀಟರ್ ಇಳಿಯಲು ಅದಕ್ಕೆ ಒಂದು ದಿನಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಕೆಳಗಿನಿಂದ ಏರುವ ಗಾಳಿ ಅದನ್ನು ಮತ್ತೆ ಎತ್ತಿರುತ್ತದೆ, ಇಲ್ಲವೇ ಅದು ಆರಿಹೋಗಿರುತ್ತದೆ. ಹಗುರವೆಂದು ಮಾತ್ರ ತಿಳಿಯಬೇಡಿ. ಒಂದು ಘನ ಕಿಲೋಮೀಟರಿನಷ್ಟು ದೊಡ್ಡ ಹತ್ತಿಯುಂಡೆ ಮೋಡದಲ್ಲಿ ಘನ ಮೀಟರಿಗೆ ಅರ್ಧ ಗ್ರಾಂ ನೀರಿದ್ದರೂ ಒಟ್ಟು ಐದು ಲಕ್ಷ ಲೀಟರ್ ಆಗುತ್ತದೆ. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲಾರಿಗಳು ಐವತ್ತು ತುಂಬುತ್ತವೆ.

ಕೆಲವು ಬಿಳಿ, ಕೆಲವು ಕಪ್ಪು. ಕಪ್ಪು ಮೋಡದ ನೀರು ಕಪ್ಪೇ?

ನೀರು ಒಂದೇ. ಹನಿಗಳು ಬೆಳಕಿನ ಎಲ್ಲ ಬಣ್ಣಗಳನ್ನೂ ಸಮನಾಗಿ ಚೆದರಿಸುವುದರಿಂದ ಬಿಸಿಲು ಬಿದ್ದ ಮೈ ಬಿಳಿಯಾಗಿ ತೋರುತ್ತದೆ. ಮೋಡ ದಪ್ಪವಾದಷ್ಟೂ ಅಡಿಗೆ ಬಂದು ತಲುಪುವ ಬೆಳಕು ಕಡಿಮೆ, ಹಾಗಾಗಿ ತಳ ಕಪ್ಪು. ನಿಮಗೆ ಕಪ್ಪಾಗಿ ಕಾಣುವ ಮೋಡ ಅದೇ ಹೊತ್ತಿನಲ್ಲಿ ಮೇಲೆ ಹಾರುವ ವಿಮಾನದವರಿಗೆ ಹಾಲಿನಂತೆ ಬೆಳ್ಳಗಿರುತ್ತದೆ.

ಮಕ್ಕಳು ಮೋಡದಲ್ಲಿ ಆನೆ, ಕುದುರೆ ಹುಡುಕುತ್ತಾರೆ. ಅದನ್ನು ಬಿಡಿಸಿ ಹೆಸರು ಕಲಿಸಬೇಕೇ?

ದಯವಿಟ್ಟು ಬಿಡಿಸಬೇಡಿ. ಆನೆಯನ್ನು ಕಂಡ ಮಗು ಸೊಂಡಿಲನ್ನು ನೋಡಿದೆ, ಅಂದರೆ ಅಂಚನ್ನು ನೋಡಿದೆ. ಗುರುತಿಸುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ. ನನ್ನ ತಂಗಿಯ ಮಗಳಿಗೆ ಒಂದು ಮೋಡ ಯಕ್ಷಗಾನದ ಕಿರೀಟದಂತೆ ಕಂಡಿತ್ತು. “ಕಿರೀಟದ ತಲೆ ಯಾಕೆ ಚಪ್ಪಟೆಯಾಯಿತು ಮಾವ?” ಎಂದು ಅವಳು ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ನನಗೆ ಅರ್ಧ ಗಂಟೆ ಬೇಕಾಯಿತು. ಆ ಉತ್ತರದ ಒಂದು ಭಾಗ ಕೆಳಗೆ, ಅಡಿಕೆಯ ಪ್ರಶ್ನೆಯಲ್ಲಿದೆ.

## ಹೆಸರು ಹಿಡಿಯುವುದು

ಹೆಸರುಗಳೆಲ್ಲ ಲ್ಯಾಟಿನ್. ನಮ್ಮ ಭಾಷೆಯಲ್ಲಿ ಇಲ್ಲವೇ?

ಇವೆ, ಆದರೆ ಅವು ಹುಟ್ಟಿದ ಕಾರಣ ಬೇರೆ. ಕಾಸರಗೋಡಿನ ಒಂದು ಪೇಟೆಯಲ್ಲಿ ನಿಂತರೆ ತುಳುವಿನ ಮುಗಲ್, ಕೊಂಕಣಿಯ ಮೋಡ, ಮಲಯಾಳದ ಮಳಕ್ಕಾರ್ ಮೂರನ್ನೂ ಕೇಳಬಹುದು. ಮಳಕ್ಕಾರಿನ ‘ಕಾರ್’ ನಮ್ಮ ಕಾರ್ಮುಗಿಲಿನಲ್ಲೂ ಇದೆ. ಹಳಗನ್ನಡದಲ್ಲಿ ಅದಕ್ಕೆ ಕಪ್ಪು ಎಂದೂ ಮಳೆಗಾಲ ಎಂದೂ ಅರ್ಥ. ಉತ್ತರ ಕರ್ನಾಟಕಕ್ಕೆ ಹೋದರೆ ಮುಗಿಲು ಎಂದರೆ ಆಕಾಶವೇ ಆಗುತ್ತದೆ. ಈ ಮಾತುಗಳು ಮಳೆಯನ್ನು ಎದುರು ನೋಡುವವರ ಮಾತುಗಳು. ಮಳೆ ತಾರದ ಮೋಡಕ್ಕೆ ಬಿಡಿ ಬಿಡಿಯಾಗಿ ಹೆಸರಿಡುವ ಅಗತ್ಯ ಅವರಿಗೆ ಹೆಚ್ಚು ಬೀಳಲಿಲ್ಲ.

ಈಗಿನ ಪದ್ಧತಿಗೆ ಅಡಿಪಾಯ ಹಾಕಿದವನು ಲ್ಯೂಕ್ ಹೊವರ್ಡ್. ಲಂಡನ್ನಿನಲ್ಲಿ ಔಷಧ ತಯಾರಿಸುತ್ತಿದ್ದವನು. 1802ರ ಡಿಸೆಂಬರಿನಲ್ಲಿ ಒಂದು ಸಣ್ಣ ವಿಜ್ಞಾನಾಸಕ್ತರ ಕೂಟದ ಮುಂದೆ ಆತ ತನ್ನ ವಿಂಗಡಣೆಯನ್ನು ಓದಿದ. ಸಿರಸ್ ಎಂದರೆ ಕೂದಲ ಗುಂಗುರು, ಕ್ಯುಮುಲಸ್ ಎಂದರೆ ರಾಶಿ, ಸ್ಟ್ರೇಟಸ್ ಎಂದರೆ ಪದರ, ನಿಂಬಸ್ ಎಂದರೆ ಮಳೆ ಮೋಡ. ಅದೇ ವರ್ಷ ಫ್ರಾನ್ಸಿನಲ್ಲಿ ಲಮಾರ್ಕ್ ಕೂಡ ಒಂದು ವಿಂಗಡಣೆ ಮಾಡಿದ್ದ, ಫ್ರೆಂಚ್ ಹೆಸರುಗಳಲ್ಲಿ, ಅದು ನಿಲ್ಲಲಿಲ್ಲ. ಹೊವರ್ಡನ ದೊಡ್ಡತನ ಹೆಸರುಗಳಲ್ಲಿ ಮಾತ್ರ ಇಲ್ಲ. ಒಂದು ಬಗೆಯ ಮೋಡ ಇನ್ನೊಂದಾಗಿ ಮಾರ್ಪಡುತ್ತದೆ ಎಂಬುದನ್ನು ವಿಂಗಡಣೆಯ ಒಳಗೇ ಸೇರಿಸಿದ, ಅದಕ್ಕಾಗಿ ಜೋಡಿ ಹೆಸರುಗಳನ್ನು ಕಟ್ಟಿದ. ನಮ್ಮ ಶಾಲಾ ಪುಸ್ತಕಗಳಲ್ಲಿ ಬರುವ ಹಿಮಕಣ ಮೋಡ, ರಾಶಿ ಮೋಡ, ಪದರು ಮೋಡ ಎಂಬ ಹೆಸರುಗಳು ಚೆನ್ನಾಗಿವೆ, ನಾನೂ ಬಳಸುತ್ತೇನೆ. ಜೋಡಿ ಹೆಸರುಗಳ ಹೊತ್ತಿಗೆ ಲ್ಯಾಟಿನ್ನೇ ಸಲೀಸು.

ಹತ್ತು ಬಗೆ ಎನ್ನುತ್ತೀರಿ. ನೆನಪಿಡುವುದು ಹೇಗೆ?

ಹತ್ತನ್ನೂ ಬಾಯಿಪಾಠ ಮಾಡಬೇಡಿ. ಎರಡು ಪ್ರಶ್ನೆ ಕೇಳಿಕೊಳ್ಳಿ: ಉಂಡೆಯೋ, ಪದರವೋ, ನೂಲೋ? ಮೇಲಿನದೋ, ನಡುವಿನದೋ, ಕೆಳಗಿನದೋ?

ಮೇಲಿನವಕ್ಕೆಲ್ಲ ‘ಸಿರ’ ಮೊದಲಲ್ಲಿ ಬರುತ್ತದೆ. ನೂಲಾದರೆ ಸಿರಸ್, ಸಣ್ಣ ಕಾಳು ಚೆಲ್ಲಿದಂತಿದ್ದರೆ ಸಿರೊಕ್ಯುಮುಲಸ್, ತೆಳು ಪರದೆಯಾದರೆ ಸಿರೊಸ್ಟ್ರೇಟಸ್. ನಡುವಿನವಕ್ಕೆ ‘ಆಲ್ಟೊ’: ಉಂಡೆಗಳ ಸಾಲು ಆಲ್ಟೊಕ್ಯುಮುಲಸ್, ಬೂದು ಪದರ ಆಲ್ಟೊಸ್ಟ್ರೇಟಸ್. ಕೆಳಗೆ ಬಂದರೆ ರಾಶಿಯಾಗಿ ನಿಂತದ್ದು ಕ್ಯುಮುಲಸ್, ಉಂಡೆಗಳೆಲ್ಲ ಒತ್ತಿ ಚಾಪೆಯಾದದ್ದು ಸ್ಟ್ರೇಟೊಕ್ಯುಮುಲಸ್, ಆಕಾರವೇ ಇಲ್ಲದ ಮಬ್ಬು ಸ್ಟ್ರೇಟಸ್. ಉಳಿದ ಎರಡು ಮಳೆಯವು: ಎಡೆಬಿಡದೆ ಸುರಿಸುವ ನಿಂಬೊಸ್ಟ್ರೇಟಸ್, ಗುಡುಗಿ ಅಬ್ಬರಿಸುವ ಕ್ಯುಮುಲೊನಿಂಬಸ್. 1896ರಲ್ಲಿ ಮೊದಲು ಪ್ರಕಟವಾದ ಅಂತರರಾಷ್ಟ್ರೀಯ ಮೋಡಗಳ ಅಟ್ಲಾಸನ್ನು ಇಂದು ವಿಶ್ವ ಹವಾಮಾನ ಸಂಸ್ಥೆ ನೋಡಿಕೊಳ್ಳುತ್ತದೆ. 2017ರ ಆವೃತ್ತಿಯಲ್ಲಿ ಹಲವು ಹೊಸ ಉಪಹೆಸರುಗಳು ಸೇರಿದರೂ ಮೂಲದ ಬಗೆಗಳು ಹತ್ತೇ ಉಳಿದಿವೆ.

ಮೀನಿನ ಹುರುಪೆಯಂಥ ಮೋಡ ತುಂಬ ಎತ್ತರದ್ದೋ ನಡುವಿನದೋ ಎಂದು ಪ್ರತಿ ಸಲವೂ ಗೊಂದಲವಾಗುತ್ತದೆ. ಏನು ಮಾಡಲಿ?

ಕೈ ಚಾಚಿ, ಕಿರುಬೆರಳು ಎತ್ತಿ. ದಿಗಂತದ ಹತ್ತಿರದ ಮೋಡ ಬೇಡ, ಸಾಕಷ್ಟು ಮೇಲಿರುವುದನ್ನು ಆರಿಸಿ. ಒಂದು ಹುರುಪೆ ಕಿರುಬೆರಳಿನ ಹಿಂದೆ ಪೂರ್ತಿ ಅಡಗಿದರೆ ಅದು ಸಿರೊಕ್ಯುಮುಲಸ್. ಬೆರಳಿನಿಂದ ಹೊರಗೆ ಚಾಚಿದರೂ ನಡುವಿನ ಮೂರು ಬೆರಳುಗಳ ಹಿಂದೆ ಅಡಗಿದರೆ ಆಲ್ಟೊಕ್ಯುಮುಲಸ್. ಮೂರು ಬೆರಳೂ ಸಾಲದಿದ್ದರೆ ಸ್ಟ್ರೇಟೊಕ್ಯುಮುಲಸ್. ಕಿರುಬೆರಳಿನ ಅಗಲ ಸುಮಾರು ಒಂದು ಡಿಗ್ರಿ, ಮೂರು ಬೆರಳಿನದು ಸುಮಾರು ಐದು ಡಿಗ್ರಿ. ಅಟ್ಲಾಸಿನ ಅಳತೆಯೂ ಇದೇ. ಉಂಡೆಯ ಅಡಿಯಲ್ಲಿ ಬೂದು ನೆರಳಿದ್ದರೆ ಬೆರಳು ಎತ್ತುವ ಮೊದಲೇ ಸಿರೊಕ್ಯುಮುಲಸ್ ಅಲ್ಲವೆಂದು ಹೇಳಬಹುದು. ಅದಕ್ಕೆ ನೆರಳಿರುವುದಿಲ್ಲ. ನಿಜವಾದ ಸಿರೊಕ್ಯುಮುಲಸ್ ಅಪರೂಪ. ನಮ್ಮೂರಿನಲ್ಲಿ ಹುರುಪೆ ಕಂಡವರು ಹೆಚ್ಚಾಗಿ ಕಂಡಿರುವುದು ಆಲ್ಟೊಕ್ಯುಮುಲಸನ್ನೇ.

ಮೋಡದ ತಳ ಎಷ್ಟು ಎತ್ತರದಲ್ಲಿದೆ ಎಂದು ನೆಲದಲ್ಲಿ ನಿಂತೇ ತಿಳಿಯಬಹುದೇ?

ರಾಶಿ ಮೋಡಕ್ಕಾದರೆ ಒಂದು ಸುಲಭದ ಲೆಕ್ಕವಿದೆ. ಗಾಳಿಯ ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ ಇರುವ ಅಂತರವನ್ನು 125ರಿಂದ ಗುಣಿಸಿ. ಬಂದದ್ದು ಮೀಟರುಗಳಲ್ಲಿ ತಳದ ಎತ್ತರ. ಇಬ್ಬನಿ ಬಿಂದು ಎಂದರೆ ಗಾಳಿಯಲ್ಲಿರುವ ಆವಿ ಹನಿಗಟ್ಟಲು ತೊಡಗುವ ಉಷ್ಣಾಂಶ. ಹವಾಮಾನ ತೋರಿಸುವ ಮೊಬೈಲ್ ಪುಟಗಳಲ್ಲಿ ಅದು ಸಿಗುತ್ತದೆ. ಮಾರ್ಚಿನ ಮಧ್ಯಾಹ್ನ 33 ಡಿಗ್ರಿ ಬಿಸಿ, ಇಬ್ಬನಿ ಬಿಂದು 24 ಎಂದಿಟ್ಟುಕೊಳ್ಳಿ: ಒಂಬತ್ತು ಡಿಗ್ರಿ ಅಂತರ, ತಳ 1,100 ಮೀಟರಿನ ಆಸುಪಾಸು. ಜುಲೈಯಲ್ಲಿ 26 ಮತ್ತು 24 ಇದ್ದರೆ ತಳ 250 ಮೀಟರ್. ಧರ್ಮತ್ತಡ್ಕದ ಬಳಿಯ ಪೊಸಡಿ ಗುಂಪೆ ಸಮುದ್ರಮಟ್ಟದಿಂದ ಸುಮಾರು 1,060 ಅಡಿ, ಅಂದರೆ 320 ಮೀಟರಿನಷ್ಟು. ಮಳೆಗಾಲದಲ್ಲಿ ಗುಂಪೆಯ ನೆತ್ತಿ ಮಾಯವಾಗುವುದು ಯಾಕೆಂದು ಈ ಲೆಕ್ಕವೇ ಹೇಳುತ್ತದೆ. ಆ ದಿನ ನೀವು ಗುಂಪೆಯ ಮೇಲಿದ್ದರೆ ಮಂಜು ಎನ್ನುತ್ತೀರಿ, ಕೆಳಗಿನ ಬಯಲಿನವರು ಮೋಡ ಎನ್ನುತ್ತಾರೆ.

ಆಕಾಶ ಪೂರ್ತಿ ಬೂದು. ಇದರಲ್ಲಿ ಗುರುತಿಸಲು ಏನಿದೆ?

ನೆಲ ನೋಡಿ. ನಿಮ್ಮ ನೆರಳು ಬೀಳುತ್ತಿದ್ದರೆ ಮೇಲಿರುವುದು ಸಿರೊಸ್ಟ್ರೇಟಸ್. ನೆರಳಿಲ್ಲ, ಆದರೆ ಸೂರ್ಯ ಮಸುಕು ಗಾಜಿನ ಆಚೆಗಿನ ಬಲ್ಬಿನಂತೆ ಕಾಣುತ್ತಿದ್ದಾನೆ ಎಂದರೆ ಆಲ್ಟೊಸ್ಟ್ರೇಟಸ್. ಸೂರ್ಯ ಎಲ್ಲಿದ್ದಾನೆಂದೇ ತಿಳಿಯದೆ ಮಳೆ ಒಂದೇ ಹದದಲ್ಲಿ ಬೀಳುತ್ತಿದ್ದರೆ ನಿಂಬೊಸ್ಟ್ರೇಟಸ್. ಗುಡ್ಡೆಯ ತಲೆಯನ್ನೂ ತೆಂಗಿನ ತುದಿಯನ್ನೂ ನುಂಗಿದ್ದು ಸ್ಟ್ರೇಟಸ್. ಬೂದು ಬಣ್ಣದ ನಡುವೆ ಉಳುಮೆಯ ಸಾಲಿನಂಥ ಗೆರೆಗಳಿದ್ದರೆ ಸ್ಟ್ರೇಟೊಕ್ಯುಮುಲಸ್. ಮಳೆ ಮೋಡದ ಅಡಿಯಲ್ಲಿ ಹರಿದ ಬಟ್ಟೆಯಂತೆ ಓಡುವ ಕಪ್ಪು ಚಿಂದಿಗಳನ್ನೂ ಗಮನಿಸಿ. ಅವು ಬೇರೆಯೇ ಮೋಡಗಳು. ಬೀಳುತ್ತಿರುವ ಮಳೆ ಒದ್ದೆ ಮಾಡಿದ ಗಾಳಿಯಲ್ಲಿ ಆಗಷ್ಟೇ ಹುಟ್ಟಿದವು.

## ನಮ್ಮೂರಿನ ಆಕಾಶ

ಸಮುದ್ರ ಇರುವುದು ಪಡುವಣದಲ್ಲಿ. ಬೇಸಿಗೆಯ ಸಂಜೆಯ ಮಳೆ ಮಾತ್ರ ಮೂಡಣದಿಂದ ಬರುತ್ತದೆ. ಯಾಕೆ?

ಈ ಪ್ರಶ್ನೆ ಕೇಳಿದವರು ಆಕಾಶವನ್ನು ಚೆನ್ನಾಗಿ ನೋಡಿದ್ದಾರೆ. ಹಗಲಿನಲ್ಲಿ ನೆಲ ಕಡಲಿಗಿಂತ ಬೇಗ ಕಾಯುತ್ತದೆ. ಕಾದ ನೆಲದ ಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ಕಡಲ ಗಾಳಿ ತಂಪಾದದ್ದು, ಹೊಸದಾಗಿ ಬಂದ ಕಡೆ ಮೋಡ ಕಟ್ಟಲು ಬಿಡುವುದಿಲ್ಲ. ಅದಕ್ಕೇ ಏಪ್ರಿಲಿನ ಮಧ್ಯಾಹ್ನ ಕುಂಬಳೆಯ ಕಡಲ ತೀರದಲ್ಲಿ ನೀಲಿ ಆಕಾಶ, ಬದಿಯಡ್ಕ, ಮುಳ್ಳೇರಿಯ ದಾಟಿದ ಮೇಲೆ ಬಿಳಿ ರಾಶಿಗಳ ಸಾಲು. ಕಡಲ ಗಾಳಿಯ ಮುಂಚೂಣಿ ಒಳನಾಡಿನ ಬಿಸಿಗಾಳಿಯನ್ನು ಎತ್ತಿ ಹಿಡಿದ ಜಾಗ ಅದು. ಅದರ ಆಚೆಗೆ ಸುಳ್ಯ, ಕೊಡಗಿನ ಕಡೆಯ ಘಟ್ಟದ ಇಳಿಜಾರು ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಅಲ್ಲಿ ಗೋಪುರಗಳೇ ಎದ್ದಿರುತ್ತವೆ.

ಗೋಪುರ ಬೆಳೆದು ಎತ್ತರಕ್ಕೆ ಹೋದರೆ ಅದನ್ನು ನಡೆಸುವುದು ನೆಲದ ಮೇಲಿನ ಕಡಲ ಗಾಳಿಯಲ್ಲ, ಮೇಲಿನ ಗಾಳಿ. ಮುಂಗಾರಿಗೆ ಮೊದಲೂ ತುಲಾ ತಿಂಗಳ ಮಳೆಯ ಹೊತ್ತಿಗೂ ಮೇಲಿನ ಗಾಳಿ ಅನೇಕ ದಿನ ಮೂಡಣದಿಂದ ಬೀಸುತ್ತದೆ. ಹಾಗಾಗಿ ಘಟ್ಟದಲ್ಲಿ ಹುಟ್ಟಿದ ಮೋಡ ಸಂಜೆಗೆ ಪಯಸ್ವಿನಿಯ ಹರಿವಿನ ದಾರಿಯಲ್ಲೇ ಕಡಲ ಕಡೆಗೆ ಇಳಿಯುತ್ತದೆ. ರಾತ್ರಿ ಎಲ್ಲವೂ ತಿರುಗುಮುರುಗು. ನೆಲ ತಣಿಯುತ್ತದೆ, ನೆಲದ ಗಾಳಿ ಕಡಲಿಗೆ ಹೊರಡುತ್ತದೆ. ಬೆಳಗಿನ ಜಾವ ಬೇಕಲದ ಕೋಟೆಯ ಬುರುಜಿನಿಂದ ಪಡುವಣಕ್ಕೆ ನೋಡಿದರೆ ಕಡಲ ಮೇಲೆ ಮೋಡದ ಸಾಲು ಕಾಣಿಸಬಹುದು.

ಅಂಗಳದಲ್ಲಿ ಅಡಿಕೆ ಹರಡಿದೆ. ಯಾವ ಮೋಡ ಕಂಡರೆ ಓಡಬೇಕು?

ಎಲ್ಲ ಪ್ರಶ್ನೆಗಳಿಗಿಂತ ಹೆಚ್ಚು ಸಲ ಬಂದದ್ದು ಇದು, ಉತ್ತರ ಕೊಡಲು ನನಗೆ ಹೆಚ್ಚು ಪ್ರೀತಿಯದೂ ಇದೇ. ಸಿಪ್ಪೆಯೊಡನೆ ಒಣಗಿಸುವ ಚಾಲಿ ಅಡಿಕೆಗೆ ನಲವತ್ತು ದಿನಕ್ಕೂ ಹೆಚ್ಚು ಬಿಸಿಲು ಬೇಕು. ಒಂದು ಸಂಜೆಯ ಮಳೆಗೆ ನೆನೆದರೆ ಬೂಸಲು ಹಿಡಿದು ಬಣ್ಣ ಕೆಡುತ್ತದೆ.

ಬಣ್ಣ ನೋಡಬೇಡಿ, ಅಂಚು ನೋಡಿ. ಬೆಳೆಯುತ್ತಿರುವ ರಾಶಿ ಮೋಡದ ಅಂಚು ಹೂಕೋಸಿನಂತೆ ಗಟ್ಟಿ, ಗೀರಿದಂತೆ ಸ್ಪಷ್ಟ. ಒಂದೊಂದು ಗುಬುಟೂ ಎಣಿಸುವಂತಿರುತ್ತದೆ. ಅಂದರೆ ಅದಿನ್ನೂ ನೀರಿನ ಹನಿಗಳಿಂದಲೇ ಆಗಿದೆ, ಏರುತ್ತಲೂ ಇದೆ. ಅಗಲಕ್ಕಿಂತ ಎತ್ತರ ಕಡಿಮೆ ಇರುವವರೆಗೆ ಭಯವಿಲ್ಲ. ಎತ್ತರ ಅಗಲವನ್ನು ಮೀರಿತೆಂದರೆ ಮನೆಯವರಿಗೆ ಒಂದು ಮಾತು ಹೇಳಿಡಿ. ಆಮೇಲೆ ಕಣ್ಣು ತೆಗೆಯಬೇಡಿ. ಹೂಕೋಸಿನ ನೆತ್ತಿ ಒಂದು ಕಡೆ ಮಸುಕಾಗುತ್ತದೆ. ಗುಬುಟುಗಳು ಕರಗಿ, ಒದ್ದೆ ಕಾಗದದ ಮೇಲೆ ಶಾಯಿ ಹರಡಿದಂತೆ, ಬಾಚಿದ ಉಣ್ಣೆಯಂತೆ ಆಗುತ್ತದೆ. ನೆತ್ತಿಯ ಹನಿಗಳು ಮಂಜುಗಡ್ಡೆಯ ಹರಳುಗಳಾಗುತ್ತಿವೆ ಎಂಬುದರ ಗುರುತು ಅದು. ಕ್ಯುಮುಲಸ್ ಕ್ಯುಮುಲೊನಿಂಬಸ್ ಆಗುವ ಗಳಿಗೆ ಅದೇ. ಮಳೆ ಇಳಿಯುವ ಕೆಲಸ ಒಳಗೆ ಆಗಲೇ ಶುರುವಾಗಿದೆ. ಆಮೇಲೆ ನೆತ್ತಿ ಎತ್ತರದ ಬೆಚ್ಚನೆಯ ಗಾಳಿಯ ಪದರಕ್ಕೆ ತಾಗಿ, ಮೇಲೇರಲಾಗದೆ ಅಡ್ಡಕ್ಕೆ ಹರಡಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗುತ್ತದೆ. ನಮ್ಮ ಕಡೆಯ ಅಕ್ಷಾಂಶದಲ್ಲಿ ಅದರ ಎತ್ತರ 15 ಕಿಲೋಮೀಟರ್ ದಾಟಬಹುದು.

ಒಂದು ಏಪ್ರಿಲಿನಲ್ಲಿ ನಾನು ಈ ಮಸುಕನ್ನು ನೋಡುತ್ತ ಜಗಲಿಯಲ್ಲಿ ಮೈಮರೆತಿದ್ದೆ. ಅಮ್ಮ ಒಳಗಿನಿಂದ ಬಂದವರು ಮೋಡವನ್ನು ನೋಡಲೇ ಇಲ್ಲ. ಚಾಪೆಯ ಮೇಲಿನ ಹಲಸಿನ ಹಪ್ಪಳದ ಒಂದು ಅಂಚು ಎದ್ದದ್ದನ್ನು ನೋಡಿದರು. ಅಷ್ಟು ಹೊತ್ತೂ ಪಡುವಣದಿಂದ ಬೀಸುತ್ತಿದ್ದ ಗಾಳಿ ಸುಮ್ಮನಾಗಿ, ಒಂದು ತಣ್ಣನೆಯ ಸುಳಿ ಮೂಡಣದಿಂದ ಬಂದಿತ್ತು. “ಟಾರ್ಪಾಲು ಎಳೆ” ಎಂದರು. ಹಪ್ಪಳ ಒಳಗೆ ಹೋಗಿ, ಅಡಿಕೆ ರಾಶಿಯಾಗಿ, ಟಾರ್ಪಾಲಿನ ನಾಲ್ಕನೆಯ ಮೂಲೆಗೆ ಕಲ್ಲು ಇಡುವಾಗ ಮೊದಲ ಹನಿ ನನ್ನ ಬೆನ್ನಿಗೆ ಬಿತ್ತು. ಆ ತಣ್ಣನೆಯ ಗಾಳಿ ಮೋಡದೊಳಗೆ ಮಳೆಯೊಂದಿಗೆ ಕುಸಿದು ನೆಲಕ್ಕೆ ಅಪ್ಪಳಿಸಿ ಮುಂದೆ ಹರಿದುಬಂದದ್ದು. ಮಳೆಗಿಂತ ಸ್ವಲ್ಪ ಮೊದಲು ಬರುತ್ತದೆ. ಅಂಚು ಮಸುಕಾದಾಗ ಹೊರಟರೆ ನಿಮಗೆ ಅರ್ಧ ಗಂಟೆಯಾದರೂ ಸಿಗಬಹುದು. ತಣ್ಣನೆಯ ಸುಳಿ ಬಂದ ಮೇಲೆ ಉಳಿಯುವುದು ಕೆಲವೇ ನಿಮಿಷ.

ಗುಡುಗು ಮೋಡವನ್ನು ಬಯಲಿನಲ್ಲಿ ನಿಂತು ನೋಡಬಹುದೇ?

ದೂರದಲ್ಲಿರುವಾಗ ನೋಡಿ. ಮಿಂಚಿನಿಂದ ಗುಡುಗಿನವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಒಳಗೆ ಹೋಗಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯವರೆಗೆ ಹೊರಗೆ ಬರಬೇಡಿ. ಮರವಿಲ್ಲದ ಪದವಿನಲ್ಲಿ, ಅಂದರೆ ಕೆಂಪುಕಲ್ಲಿನ ಎತ್ತರದ ಬಯಲಿನಲ್ಲಿ, ನೀವೇ ಎಲ್ಲಕ್ಕಿಂತ ಎತ್ತರ. ತೆಂಗಿನ ಅಡಿಯಂತೂ ಇನ್ನೂ ಕೆಟ್ಟ ಜಾಗ.

ಮುಂಗಾರು ಬಂತು ಎಂದು ಮೋಡ ನೋಡಿ ಹೇಳುತ್ತಾರೆಯೇ?

ಪತ್ತನಾಜೆ ಕಳೆದ ಮೇಲೆ, ಅಂದರೆ ಮೇ 24ರ ಸುಮಾರಿನಿಂದ, ತುಳುನಾಡಿನವರೆಲ್ಲ ಆಕಾಶ ನೋಡಲು ತೊಡಗುತ್ತಾರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಘೋಷಿಸಲು ಅವರಿಗೆ ಮೂರು ಸಂಗತಿ ಬೇಕು. ಮೊದಲನೆಯದು ಮಳೆ: ಮೇ 10ರ ನಂತರ, ಗೊತ್ತುಮಾಡಿದ 14 ಕೇಂದ್ರಗಳಲ್ಲಿ ಶೇಕಡಾ 60ರಷ್ಟು ಕಡೆ ಎರಡು ದಿನ ಎಡೆಬಿಡದೆ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆಯಾಗಬೇಕು. ಎರಡನೆಯದು ಸಾಕಷ್ಟು ಎತ್ತರದವರೆಗೆ ಪಡುವಣ ಗಾಳಿ. ಮೂರನೆಯದು ಮೋಡವೇ. ಭೂಮಿಯಿಂದ ಬಾಹ್ಯಾಕಾಶಕ್ಕೆ ಹೋಗುವ ಶಾಖವನ್ನು ಉಪಗ್ರಹ ಅಳೆಯುತ್ತದೆ. ಎತ್ತರದ ದಟ್ಟ ಮೋಡ ಕವಿದಾಗ ಅದು ಕಡಿಮೆಯಾಗುತ್ತದೆ. ಚದರ ಮೀಟರಿಗೆ 200 ವಾಟ್‌ಗಿಂತ ಕೆಳಗಿಳಿಯಬೇಕು.

ಆ 14 ಕೇಂದ್ರಗಳಲ್ಲಿ ಕಾಸರಗೋಡಿನ ಪಕ್ಕದ ನಮ್ಮ ಕೂಡ್ಲು ಒಂದು. ಇನ್ನೊಂದು ಮಂಗಳೂರು. ಮಿನಿಕೋಯ್ ದ್ವೀಪದಿಂದ ಹಿಡಿದು ತಿರುವನಂತಪುರ, ಕೊಚ್ಚಿಯವರೆಗಿನ ಪಟ್ಟಿಯಲ್ಲಿ ಕೂಡ್ಲುವಿನ ಹೆಸರನ್ನು ಮೊದಲ ಸಲ ಕಂಡಾಗ ನನಗಾದ ಹೆಮ್ಮೆ ಸಣ್ಣದಲ್ಲ. ದೇಶದ ಮುಂಗಾರಿನ ಸುದ್ದಿಯಲ್ಲಿ ನಮ್ಮ ಆಕಾಶದ ಹನಿಗೂ ಒಂದು ಪಾಲಿದೆ.

ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಬೇಕು. ಮಳೆ ಬಿಡುವು ಕೊಡುತ್ತದೆಯೇ ಎಂದು ಮೋಡ ಹೇಳುತ್ತದೆಯೇ?

ಕೆಲವು ಗಂಟೆಗಳ ಮಟ್ಟಿಗೆ, ಅದೂ ಅಂದಾಜಿಗೆ. ಬೂದು ಪದರ ಒಡೆದು ಅಲ್ಲಲ್ಲಿ ನೀಲಿ ಕಂಡು, ಉಳಿದ ಮೋಡಗಳು ತಳ ಚಪ್ಪಟೆಯಾದ ಪುಟ್ಟ ರಾಶಿಗಳಾಗಿದ್ದರೆ ಬೋರ್ಡೋ ದ್ರಾವಣ ಕದಡಬಹುದು. ಪಡುವಣದಲ್ಲಿ ಕಡಲ ಕಡೆಯ ದಿಗಂತ ಮಸಿಯಂತಿದ್ದರೆ ನೆತ್ತಿಯ ಮೇಲಿನ ಬಿಸಿಲನ್ನು ನಂಬಬೇಡಿ. ಮಳೆಗಾಲದಲ್ಲಿ ಮಳೆ ಬರುವ ದಾರಿ ಅದು. ದಿನಗಳ ಲೆಕ್ಕಕ್ಕೆ ಇಲಾಖೆಯ ಮುನ್ಸೂಚನೆಯನ್ನೇ ನೋಡಿ.

ನೋಡಲು ಒಳ್ಳೆಯ ಜಾಗ ಯಾವುದು?

ನಿಮ್ಮ ಅಂಗಳ. ಆಮೇಲೆ ಪೊಸಡಿ ಗುಂಪೆ. ಅಲ್ಲಿಂದ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ, ನಡುವಿನ ಮೋಡದ ಸಾಲು ಪೂರ್ತಿ ಕಾಣುತ್ತದೆ. ಮೋಡದ ಒಳಗೆ ನಡೆಯುವ ಆಸೆ ಇದ್ದರೆ ಮಳೆಗಾಲ ಮುಗಿಯುತ್ತಿರುವಾಗ ರಾಣಿಪುರಂ. ಮೋಡದ ನೆರಳು ಓಡುವುದನ್ನು ನೋಡಲು ಹುಲ್ಲು ಹಬ್ಬಿದ ಯಾವುದೇ ಪದವು ಸಾಕು.

## ಕಣ್ಣು ಪಳಗಿದವರಿಗೆ

ಚಂದ್ರನ ಸುತ್ತ ಬಳೆ ಕಟ್ಟಿದರೆ ಮಳೆ ಬರುತ್ತದೆ ಎನ್ನುತ್ತಾರೆ. ನಿಜವೇ?

ಮೊದಲು ಯಾವ ಬಳೆ ಎಂದು ನೋಡಿ. ಕೈ ಚಾಚಿ ಬೆರಳುಗಳನ್ನು ಅಗಲಿಸಿ, ಹೆಬ್ಬೆರಳನ್ನು ಚಂದ್ರನ ಮೇಲಿಟ್ಟಾಗ ಬಳೆ ಕಿರುಬೆರಳ ತುದಿಯ ಹತ್ತಿರ ಇದ್ದರೆ ಅದು ಪರಿವೇಷ. ಸಿರೊಸ್ಟ್ರೇಟಸ್ಸಿನ ಆರು ಮೂಲೆಯ ಮಂಜುಹರಳುಗಳಲ್ಲಿ ಬೆಳಕು ಬಾಗಿ 22 ಡಿಗ್ರಿ ದೂರದಲ್ಲಿ ಕಟ್ಟುವ ಬಳೆ ಅದು. ಚಂದ್ರನಿಗೆ ಅಂಟಿಕೊಂಡಂತೆ, ಒಳಗೆ ನೀಲಿ, ಹೊರಗೆ ಕಂದು ಕೆಂಪು ತೋರುವ ಪುಟ್ಟ ತಟ್ಟೆಯಾದರೆ ಅದು ಬೇರೆ. ಆಲ್ಟೊಕ್ಯುಮುಲಸ್ಸಿನಂಥ ಮೋಡದ ನೀರಿನ ಹನಿಗಳ ಕೆಲಸ.

ಪರಿವೇಷ ಕಂಡ ಮೇಲೆ ಮಳೆ ಎಂಬ ನಂಬಿಕೆ ತಣ್ಣನೆಯ ದೇಶಗಳಲ್ಲಿ ಹೆಚ್ಚು ಹೊಂದುತ್ತದೆ. ನಮ್ಮಲ್ಲಿ ಆ ತೆಳು ಪರದೆ ಬಹಳ ಸಲ ದೂರದ ಗುಡುಗು ಮೋಡವೊಂದರ ಅಡಿಗಲ್ಲು ಹರಡಿ ಉಳಿದದ್ದು. ಬೇರೆಲ್ಲೋ ಮಳೆ ಆಗಿಹೋಗಿದೆ ಎಂಬ ಸುದ್ದಿಯೂ ಆಗಿರಬಹುದು.

ವಿಮಾನದ ಹಿಂದಿನ ಬಿಳಿ ಗೆರೆ ಹೊಗೆಯೋ ಮೋಡವೋ? ಕೆಲವು ದಿನ ಯಾಕೆ ಬೇಗ ಅಳಿಸಿಹೋಗುತ್ತದೆ?

ಮೋಡವೇ. ಇಂಧನ ಉರಿದಾಗ ಹೊರಬರುವ ನೀರಿನ ಆವಿ ಹತ್ತು ಕಿಲೋಮೀಟರಿಗೂ ಎತ್ತರದ ಕಡು ಚಳಿಯಲ್ಲಿ ಹರಳಾಗುತ್ತದೆ. ಅಲ್ಲಿನ ಗಾಳಿ ಒಣಗಿದ್ದರೆ ಗೆರೆ ವಿಮಾನದ ಬಾಲದಷ್ಟಕ್ಕೇ ಮುಗಿಯುತ್ತದೆ. ತೇವವಿದ್ದರೆ ಗಂಟೆಗಟ್ಟಲೆ ಉಳಿದು, ಅಗಲವಾಗಿ, ಸಿರಸ್ಸಿನಿಂದ ಬೇರ್ಪಡಿಸಲಾಗದಂತೆ ಆಗುತ್ತದೆ. ಮನೆಯವರು ಕೊಲ್ಲಿ ನಾಡಿನಲ್ಲಿರುವ ಎಷ್ಟೋ ಮಂದಿ ನಮ್ಮೂರಿನಲ್ಲಿ ಆ ಗೆರೆಯನ್ನು ಬೇರೆ ಕಾರಣಕ್ಕಾಗಿ ತಲೆ ಎತ್ತಿ ನೋಡುತ್ತಾರೆ. ಅವರಿಗೆ ಮೇಲಿನ ಗಾಳಿಯ ತೇವವನ್ನೂ ತೋರಿಸಿಕೊಡಿ.

ಉಪಗ್ರಹ ಚಿತ್ರದಲ್ಲಿ ನಮ್ಮ ಮೇಲೆ ಮೋಡವೇ ಇಲ್ಲದಂತಿತ್ತು. ಹೊರಗೆ ಧಾರಾಕಾರ ಮಳೆ. ಯಾವುದು ಸುಳ್ಳು?

ಎರಡೂ ಸರಿ. ಇನ್ಸಾಟ್-3ಡಿಆರ್‌ನಂಥ ಉಪಗ್ರಹದ ಅವಕೆಂಪು ಚಿತ್ರ ಮೋಡದ ನೆತ್ತಿಯ ಚಳಿಯನ್ನು ತೋರಿಸುತ್ತದೆ. ನೆತ್ತಿ ಎತ್ತರವಿದ್ದಷ್ಟೂ ತಣ್ಣಗೆ, ತಣ್ಣಗಾದಷ್ಟೂ ಬೆಳ್ಳಗೆ. ಮುಂಗಾರಿನಲ್ಲಿ ಕರಾವಳಿಗೆ ಮಳೆ ತರುವ ಮೋಡಗಳು ಎಷ್ಟೋ ದಿನ ಗಿಡ್ಡವಾಗಿರುತ್ತವೆ. ಚಿತ್ರದಲ್ಲಿ ಮಂಕಾಗಿ ಕಾಣುತ್ತವೆ. ಹನಿ ತಾರದ ತೆಳು ಸಿರಸ್ ಬೆಳ್ಳಗೆ ಹೊಳೆಯುತ್ತದೆ. ಹಗಲಿನಲ್ಲಿ ದೃಶ್ಯ ಬೆಳಕಿನ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡಿ. ಚಿತ್ರದ ಮೇಲಿನ ಸಮಯ ಯುಟಿಸಿ (ಅಂತರರಾಷ್ಟ್ರೀಯ ಸಮಯ) ಎಂದಿದ್ದರೆ ಐದೂವರೆ ಗಂಟೆ ಕೂಡಿಸಲು ಮರೆಯಬೇಡಿ.

ನೋಡಿದ್ದನ್ನು ಬರೆದಿಡಬೇಕೇ? ಏನು ಬರೆಯುವುದು?

ಬರೆದಿಡಿ. ದಿನ, ಹೊತ್ತು, ಮೋಡದ ಬಗೆ, ಬಂದ ದಿಕ್ಕು. ಆಕಾಶ ಎಷ್ಟು ಮುಚ್ಚಿದೆ ಎಂಬುದನ್ನು ಎಂಟರಲ್ಲಿ ಹೇಳುವುದು ಹವಾಮಾನದವರ ಕ್ರಮ. ಏನೂ ಇಲ್ಲದಿದ್ದರೆ ಸೊನ್ನೆ, ಪೂರ್ತಿ ಮುಚ್ಚಿದ್ದರೆ ಎಂಟು. ಹೆಸರು ತಿಳಿಯದಿದ್ದರೆ ಅಂಚು ಹೇಗಿತ್ತೆಂದು ಬರೆಯಿರಿ. ಹೆಸರು ಆಮೇಲೆ ಸಿಗುತ್ತದೆ. ನಾನು ಹಳೆಯ ಕ್ಯಾಲೆಂಡರಿನ ದಿನದ ಚೌಕದಲ್ಲೇ ಬರೆಯುತ್ತೇನೆ, ಮಳೆ ನಕ್ಷತ್ರದ ಹೆಸರು ಅಲ್ಲಿ ಆಗಲೇ ಅಚ್ಚಾಗಿರುತ್ತದೆ.

ಜುಲೈಯಲ್ಲಿ ಒಂದು ಸಂಜೆ ಕೆಳಗಿನ ಮೋಡಗಳು ಘಟ್ಟದ ಕಡೆಗೂ ಮೇಲಿನ ಮೋಡಗಳು ಕಡಲ ಕಡೆಗೂ ಹೋಗುವುದನ್ನು ಕಂಡೆ. ಕಣ್ಣಿನ ಭ್ರಮೆಯೇ?

ಭ್ರಮೆ ಕೆಲವು ಸಲ ಆಗುತ್ತದೆ: ಕೆಳಗಿನವು ವೇಗವಾಗಿ ಓಡುವಾಗ ಮೇಲೆ ನಿಂತವು ಹಿಂದಕ್ಕೆ ಸರಿದಂತೆ ಕಾಣುತ್ತವೆ. ಅದಕ್ಕೇ ಕಂಬದ ತುದಿಯನ್ನೋ ತೆಂಗಿನ ಗರಿಯನ್ನೋ ಗುರುತಾಗಿಟ್ಟು ಮೇಲಿನದನ್ನು ಮಾತ್ರ ನೋಡಬೇಕು. ಹಾಗೆ ನೋಡಿಯೂ ಅದು ಪಡುವಣಕ್ಕೆ ಸರಿದರೆ ನೀವು ಕಂಡದ್ದು ನಿಜ, ಮತ್ತು ಮುಂಗಾರಿನ ಪೂರ್ತಿ ಯಂತ್ರವನ್ನು ಒಂದೇ ನೋಟದಲ್ಲಿ ಕಂಡಿದ್ದೀರಿ.

ಕೆಳಗೆ, ಒಂದೆರಡು ಕಿಲೋಮೀಟರಿನ ಮಟ್ಟದಲ್ಲಿ, ಅರಬ್ಬೀ ಕಡಲಿನಿಂದ ಪಡುವಣ ಗಾಳಿ ಬೀಸುತ್ತದೆ. ಸುಮಾರು 14ರಿಂದ 16 ಕಿಲೋಮೀಟರ್ ಎತ್ತರದಲ್ಲಿ ಅದಕ್ಕೆ ತೀರ ವಿರುದ್ಧವಾಗಿ, ಬಂಗಾಳ ಕೊಲ್ಲಿಯ ಕಡೆಯಿಂದ ದಕ್ಷಿಣ ಭಾರತವನ್ನು ದಾಟಿ ಆಫ್ರಿಕಾದ ಕಡೆಗೆ, ರಭಸದ ಮೂಡಣ ಗಾಳಿಯ ಹೊಳೆ ಹರಿಯುತ್ತದೆ. ಬೇಸಿಗೆಯಲ್ಲಿ ಟಿಬೆಟ್ ಪ್ರಸ್ಥಭೂಮಿ ಮತ್ತು ಉತ್ತರ ಭಾರತದ ಮೇಲಿನ ಗಾಳಿ ಬಿಸಿಯಾಗಿ, ದಕ್ಷಿಣದ ಕಡಲ ಮೇಲಿನದು ತಂಪಾಗಿರುವುದೇ ಅದಕ್ಕೆ ಕಾರಣ. 1950ರ ದಶಕದಲ್ಲಿ ಅದನ್ನು ಗುರುತಿಸಿ ವಿವರಿಸಿದವರಲ್ಲಿ ಮುಖ್ಯರು ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಮಳೆಗಾಲದ ಹೆಚ್ಚಿನ ದಿನ ಕೆಳಗಿನ ಬೂದು ಪದರ ಇದನ್ನು ಮುಚ್ಚಿಡುತ್ತದೆ. ಮಳೆ ಬಿಡುವು ಕೊಟ್ಟು, ಪದರ ಹರಿದು, ಬಿರುಕಿನಲ್ಲಿ ಸಿರಸ್ಸಿನ ನೂಲು ಕಾಣುವ ಸಂಜೆಗಳು ಒಂದು ಮಳೆಗಾಲಕ್ಕೆ ಕೆಲವೇ ಸಿಗುತ್ತವೆ. ನನ್ನ ಕ್ಯಾಲೆಂಡರಿನಲ್ಲಿ ಅವಕ್ಕೆ ಎರಡು ಬಾಣಗಳ ಗುರುತು: ಮೂಡಣಕ್ಕೆ ಒಂದು, ಅದರ ಮೇಲೆ ಪಡುವಣಕ್ಕೆ ಒಂದು.